ಹಿರಿಯರು ಬರೆಸಿದ ಬಾಂಡ್ ಪೇಪರ್ ಮತ್ತು ಮಕ್ಕಳ ಹಕ್ಕು

ಪ್ರಶ್ನೆ: ನನ್ನ ತವರು ಸಿರುಗುಪ್ಪ, ಗಂಡನ ಮನೆ ಬಳ್ಳಾರಿ. ಅವರು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುತ್ತಾರೆ. ಒಂದೂವರೆ ವರ್ಷದಿಂದ ನಾವು ಬೇರೆಯಾಗಿದ್ದು, 9 ವರ್ಷದ ಮಗಳು, 4 ವರ್ಷದ ಮಗ ಇಬ್ಬರೂ ನನ್ನ ಜೊತೆ ತವರಿನಲ್ಲಿದ್ದಾರೆ. ಎರಡೂ ಕಡೆಯ ಹಿರಿಯರು ಕೂಡಿ ರಾಜಿ ಮಾಡಿಸಿದ್ದಾರೆ: ಮಗಳು ನನಗೆ, ಮಗ ಐದು ತುಂಬಿದ ಮೇಲೆ ತಂದೆಗೆ, ನನಗೂ ಮಗಳಿಗೂ ಸೇರಿ ಒಟ್ಟು 4 ಲಕ್ಷ ರೂಪಾಯಿ, ಮುಂದೆ ಯಾರೂ ಏನನ್ನೂ ಕೇಳತಕ್ಕದ್ದಲ್ಲ. ಇದನ್ನೆಲ್ಲ ಬಾಂಡ್ ಪೇಪರ್ ಮೇಲೆ ಬರೆಸಿ, ಸಹಿ ಹಾಕಿಸಿ, ನೋಟರಿಯನ್ನೂ ಮಾಡಿಸಿದ್ದಾರೆ. 1 ಲಕ್ಷ ರೂಪಾಯಿ ಮುಂಗಡ ನಮ್ಮ ತಂದೆಯ ಕೈ ಸೇರಿದೆ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇನ್ನೂ ಅರ್ಜಿ ಹಾಕಿಲ್ಲ. ಮಗನನ್ನು ಬಿಟ್ಟುಕೊಡಲೇಬೇಕೇ? ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿದರೆ ಮಕ್ಕಳ ಖರ್ಚು ಕೇಳುವ ಹಕ್ಕು ಹೋಗುತ್ತದೆಯೇ? ಅವರು ಹಣ ಕೊಡದಿದ್ದರೆ ಮಕ್ಕಳನ್ನು ತೋರಿಸದೆ ಇರಬಹುದೇ? ಮುಂಗಡ ತೆಗೆದುಕೊಂಡ ಮೇಲೆ ಈಗ ತಕರಾರು ಎತ್ತಲು ಬರುತ್ತದೆಯೇ?

ಉತ್ತರ: ಸಹೋದರಿ, ನೀವಿಬ್ಬರೂ ಬೇರೆಯಾಗಲು ಒಪ್ಪಿದ್ದೀರಿ ಎಂಬುದಕ್ಕೆ ಆ ಬಾಂಡ್ ಪೇಪರ್ ಒಂದು ಸಾಕ್ಷಿಯಾಗಬಹುದು, ಆದರೆ ಮಕ್ಕಳು ಎಲ್ಲಿರಬೇಕು, ಅವರ ಅನ್ನ, ವಿದ್ಯೆ, ಔಷಧಕ್ಕೆ ಯಾರು ಎಷ್ಟು ಕೊಡಬೇಕು ಎಂಬ ವಿಷಯದಲ್ಲಿ ಅದು ಕೊನೆಯ ಮಾತಾಗುವುದಿಲ್ಲ. ಜೀವನಾಂಶ ಪಡೆಯುವ ಹಕ್ಕು ಮಗುವಿನದೇ ಆಗಿರುವುದರಿಂದ, ತಾಯಿ ತನ್ನ ಪಾಲಿನದನ್ನು ಬಿಟ್ಟುಕೊಟ್ಟರೂ ಮಗುವಿನ ಪಾಲಿನದನ್ನು ಬಿಟ್ಟುಕೊಡುವ ಅಧಿಕಾರ ಅವಳಿಗಿಲ್ಲ, ತಂದೆಗೂ ಇಲ್ಲ, ರಾಜಿಗೆ ಕುಳಿತ ಹಿರಿಯರಿಗಂತೂ ಇಲ್ಲವೇ ಇಲ್ಲ. ‘ಮುಂದೆ ಯಾರೂ ಏನನ್ನೂ ಕೇಳತಕ್ಕದ್ದಲ್ಲ’ ಎಂಬ ಸಾಲು ನಿಮ್ಮ ಮಟ್ಟಿಗೆ ತೂಕ ಪಡೆಯಬಹುದಾದರೂ ನಿಮ್ಮ ಮಗಳ ಮತ್ತು ಮಗನ ಮಟ್ಟಿಗೆ ಅದಕ್ಕೆ ಬೆಲೆಯಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 26ನೇ ಕಲಂ ಅಪ್ರಾಪ್ತ ಮಕ್ಕಳ ಸುಪರ್ದಿ (ಮಗು ಯಾರ ವಶದಲ್ಲಿರಬೇಕೆಂಬುದು), ಪೋಷಣೆ ಮತ್ತು ಶಿಕ್ಷಣದ ಬಗ್ಗೆ ಆದೇಶ ಮಾಡುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟಿರುವುದಲ್ಲದೆ, ವಿಚ್ಛೇದನದ ಡಿಕ್ರಿ, ಅಂದರೆ ನ್ಯಾಯಾಲಯದ ಅಂತಿಮ ಆದೇಶವಾದ ನಂತರವೂ ಪರಿಸ್ಥಿತಿ ಬದಲಾದಂತೆ ಆ ಆದೇಶವನ್ನು ಮಾರ್ಪಡಿಸಲು ಅವಕಾಶ ಇಟ್ಟಿದೆ.

ಹಾಗೆಂದು ಹಿರಿಯರ ಮೇಲೆ ಹಗೆ ಕಟ್ಟಿಕೊಳ್ಳಬೇಡಿ. ನಮ್ಮ ಭಾಗದಲ್ಲಿ ಇಂಥ ರಾಜಿಗಳಿಂದಾಗಿ ಎಷ್ಟೋ ಮನೆಗಳಲ್ಲಿ ಹೊಡೆದಾಟ ತಪ್ಪಿದೆ, ವರ್ಷಗಟ್ಟಲೆ ಕೋರ್ಟಿಗೆ ಅಲೆಯುವುದು ತಪ್ಪಿದೆ. ಆದರೆ ಹಿರಿಯರು ಕುಳಿತಾಗ ಮಾತೆಲ್ಲ ಎರಡು ಮನೆಗಳ ಮರ್ಯಾದೆಯ ಸುತ್ತಲೇ ತಿರುಗಿ, ಮಕ್ಕಳ ಪ್ರಸ್ತಾಪ ಕೊನೆಗೆ ಬಂದು, ಪಾತ್ರೆ ಪಗಡೆಯ ಹಾಗೆ ಆಚೆಗೊಂದು ಈಚೆಗೊಂದು ಪಾಲಾಗಿಬಿಡುತ್ತದೆ. ಗಂಡುಮಗು ತಂದೆಯ ಮನೆತನದ್ದು, ಹೆಣ್ಣುಮಗು ತಾಯಿಯ ಹೊಣೆ ಎಂಬ ಹಂಚಿಕೆಗೆ ಯಾವ ಕಾನೂನಿನ ಆಧಾರವೂ ಇಲ್ಲ. ನಿಮ್ಮ ಬಾಂಡ್‌ನಲ್ಲಿ ನನಗೆ ಅತ್ಯಂತ ನೋವಿನದಾಗಿ ಕಂಡ ಭಾಗವೇ ಇದು.

ಐದು ವರ್ಷದ ಮಾತು ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ, 1956ರ 6ನೇ ಕಲಂ ತಂದೆಯನ್ನು ಸ್ವಾಭಾವಿಕ ಪಾಲಕನೆಂದೂ, ಅವನ ನಂತರ ತಾಯಿಯನ್ನೂ ಹೆಸರಿಸಿ, ಐದು ವರ್ಷ ತುಂಬದ ಮಗುವಿನ ಸುಪರ್ದಿ ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎನ್ನುತ್ತದೆ. ಇದನ್ನು ಅರ್ಧ ಓದಿದವರು, ಐದು ತುಂಬಿದ ದಿನವೇ ಮಗು ತಂದೆಗೆ ಸೇರುತ್ತದೆ ಎಂದು ಅರ್ಥ ಮಾಡಿಕೊಂಡಿದ್ದಾರೆ. ಕಾನೂನು ಹಾಗೆ ಹೇಳುವುದಿಲ್ಲ. ಎಳೆಯ ಮಗುವಿಗೆ ತಾಯಿಯ ಆರೈಕೆ ಬೇಕೆಂಬುದನ್ನು ಅದು ಗುರುತಿಸುತ್ತದೆಯೇ ಹೊರತು, ಐದನೇ ಹುಟ್ಟುಹಬ್ಬದಂದು ಮಗುವನ್ನು ಕೈ ಬದಲಾಯಿಸಿ ಎಂದು ಎಲ್ಲೂ ಬರೆದಿಲ್ಲ. ಅದೇ ಕಾಯ್ದೆಯ 13ನೇ ಕಲಂ ಮಗುವಿನ ಹಿತವೇ ಎಲ್ಲಕ್ಕಿಂತ ಮೊದಲು ಎಂದು ಸ್ಪಷ್ಟವಾಗಿ ಹೇಳುತ್ತದೆ. ಸುಪ್ರೀಂ ಕೋರ್ಟು 2008ರ ಗೌರವ್ ನಾಗಪಾಲ್ ಪ್ರಕರಣವೂ ಸೇರಿದಂತೆ ಹಲವು ತೀರ್ಪುಗಳಲ್ಲಿ, ತಂದೆ ತಾಯಿಯರ ಹಕ್ಕುಗಳು ಮಗುವಿನ ಹಿತದ ಮುಂದೆ ಎರಡನೆಯವು ಎಂದು ಸಾರಿದೆ. ‘ತಂದೆಯ ನಂತರ’ ಎಂದರೆ ತಂದೆ ಸತ್ತ ನಂತರ ಎಂದಷ್ಟೇ ತಿಳಿಯಬಾರದು, ತಂದೆ ನೋಡಿಕೊಳ್ಳದೆ ಇದ್ದಾಗಲೂ ತಾಯಿಯೇ ಪಾಲಕಿ ಎಂದು ಗೀತಾ ಹರಿಹರನ್ ಪ್ರಕರಣದಲ್ಲಿ 1999ರಲ್ಲೇ ತೀರ್ಮಾನವಾಗಿದೆ.

ಹಿತ ಎಂದರೆ ನ್ಯಾಯಾಧೀಶರು ಏನನ್ನು ನೋಡುತ್ತಾರೆ? ಯಾರ ಬಳಿ ಹೆಚ್ಚು ಹಣವಿದೆ ಎಂಬುದನ್ನು ಮಾತ್ರ ನೋಡುವುದಿಲ್ಲ. ಮಗು ಈಗ ಯಾರ ಕೈಯಲ್ಲಿ ಉಣ್ಣುತ್ತದೆ, ಯಾರ ಪಕ್ಕದಲ್ಲಿ ಮಲಗುತ್ತದೆ, ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ಯುವವರು ಯಾರು, ತಂದೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಘಟಕದಲ್ಲಿದ್ದರೆ ಮಗುವಿನ ಜೊತೆ ಮನೆಯಲ್ಲಿ ಇರುವವರು ಯಾರು, ಈಗಿನ ಅಂಗನವಾಡಿ ಅಥವಾ ಶಾಲೆಯಿಂದ ಕಿತ್ತರೆ ಅದರ ಮೇಲೆ ಏನು ಪರಿಣಾಮವಾದೀತು ಎಂಬುವೆಲ್ಲ ಅಲ್ಲಿ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಪ್ರಕರಣದಲ್ಲಿ ಇನ್ನೊಂದು ಬಲವಾದ ಅಂಶವಿದೆ: ಒಡಹುಟ್ಟಿದವರನ್ನು ತಕ್ಕ ಕಾರಣವಿಲ್ಲದೆ ಅಗಲಿಸಲು ನ್ಯಾಯಾಲಯಗಳು ಹಿಂಜರಿಯುತ್ತವೆ. ತಂದೆ ದಿನವೂ ಇಲ್ಲದ ಮನೆಯಲ್ಲಿ ಅಕ್ಕನೂ ದೂರವಾದರೆ ನಾಲ್ಕೈದು ವರ್ಷದ ಹುಡುಗನಿಗೆ ಆಗುವ ನಷ್ಟವನ್ನು ಯಾವ ಲಕ್ಷವೂ ತುಂಬಿಕೊಡಲಾರದು. ಆದ್ದರಿಂದ ಮಗನನ್ನು ನೀವು ಬಿಟ್ಟುಕೊಡಲೇಬೇಕೆಂದಿಲ್ಲ. ಇಬ್ಬರು ಮಕ್ಕಳೂ ಒಟ್ಟಿಗೆ ನಿಮ್ಮ ಬಳಿ ಇರಲಿ, ತಂದೆಗೆ ಧಾರಾಳವಾದ ಭೇಟಿಯ ಅವಕಾಶವಿರಲಿ ಎಂದು ಕೇಳುವುದಕ್ಕೆ ನಿಮಗೆ ಗಟ್ಟಿಯಾದ ಆಧಾರವಿದೆ. ಒಂದು ವೇಳೆ ಯಾರಾದರೂ ಬಾಂಡ್ ತೋರಿಸಿ ಮಗನನ್ನು ಬಲವಂತವಾಗಿ ಎತ್ತಿಕೊಂಡು ಹೋದರೆ ಒಡನೆಯೇ ಪೊಲೀಸರಿಗೂ ನಿಮ್ಮ ವಕೀಲರಿಗೂ ತಿಳಿಸಿ. ಮಗು ವಾಡಿಕೆಯಾಗಿ ವಾಸಿಸುವ ಸ್ಥಳದ ವ್ಯಾಪ್ತಿಯ ನ್ಯಾಯಾಲಯದಲ್ಲಿ ಪಾಲಕರು ಮತ್ತು ಪಾಲಿತರ ಕಾಯ್ದೆ, 1890ರ ಅಡಿಯಲ್ಲಿ ಮಗುವನ್ನು ಮರಳಿ ಪಡೆಯಲು ಅರ್ಜಿ ಹಾಕಬಹುದು, ಮಧ್ಯಂತರ ಆದೇಶವನ್ನೂ ಕೇಳಬಹುದು.

ಮಗಳ ಬಗ್ಗೆ ಒಂದು ಮಾತು. ವಿವೇಚನೆಯಿಂದ ಇಷ್ಟವನ್ನು ಹೇಳಬಲ್ಲ ವಯಸ್ಸಿನ ಮಗುವಾದರೆ ಅದರ ಇಷ್ಟವನ್ನು ನ್ಯಾಯಾಲಯ ಪರಿಗಣಿಸಬಹುದು ಎಂದು 1890ರ ಆ ಕಾಯ್ದೆಯ 17ನೇ ಕಲಂನಲ್ಲಿದೆ. ಒಂಬತ್ತು ವರ್ಷದ ಹುಡುಗಿಯನ್ನು ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆಸಿಕೊಂಡು, ತಂದೆ ತಾಯಿ ವಕೀಲರು ಯಾರೂ ಇಲ್ಲದೆ, ಶಾಲೆ, ಗೆಳತಿಯರು, ತಮ್ಮನ ಬಗ್ಗೆ ಮಾತಾಡಿಸುತ್ತ ವಿಷಯ ತಿಳಿದುಕೊಳ್ಳುವುದುಂಟು. ಅಂಥ ದಿನ ಬಂದರೆ ದಯವಿಟ್ಟು ಅವಳಿಗೆ ಏನನ್ನೂ ಹೇಳಿಕೊಟ್ಟು ಕಳಿಸಬೇಡಿ. ಹೇಳಿಕೊಟ್ಟ ಮಾತು ಮಗುವಿನ ಬಾಯಿಂದ ಬಂದಾಗ ಅನುಭವಿ ನ್ಯಾಯಾಧೀಶರಿಗೆ ಅದು ತಕ್ಷಣ ಗೊತ್ತಾಗುತ್ತದೆ, ಮತ್ತು ಅದರಿಂದ ನಿಮಗೇ ಹಾನಿ. ಅದಕ್ಕಿಂತ ದೊಡ್ಡ ಮಾತೆಂದರೆ, ‘ಅಪ್ಪ ಬೇಕೋ ಅಮ್ಮ ಬೇಕೋ’ ಎಂದು ಬಂಧುಗಳು ಮಕ್ಕಳನ್ನು ಕೇಳುವುದನ್ನು ನೀವು ಇವತ್ತೇ ನಿಲ್ಲಿಸಬೇಕು. ಆ ಪ್ರಶ್ನೆಗೆ ಉತ್ತರ ಕೊಟ್ಟ ಮಗು ಇನ್ನೊಬ್ಬರಿಗೆ ಮೋಸ ಮಾಡಿದೆನೆಂಬ ಭಾರವನ್ನು ಬಹಳ ಕಾಲ ಹೊರುತ್ತದೆ.

ಇನ್ನು ಹಣದ ವಿಷಯ. 4 ಲಕ್ಷ ಎಂಬುದು ಕೇಳಲು ದೊಡ್ಡ ಮೊತ್ತ. ನಿಮ್ಮ ಮಗಳಿಗೆ 18 ತುಂಬಲು ಇನ್ನು 9 ವರ್ಷ, ಅಂದರೆ 108 ತಿಂಗಳು. ನಿಮ್ಮ ಪಾಲನ್ನು ಪೂರ್ತಿ ಬಿಟ್ಟು ಇಡೀ ಮೊತ್ತವನ್ನು ಅವಳೊಬ್ಬಳಿಗೇ ಎಂದು ಹಿಡಿದರೂ ತಿಂಗಳಿಗೆ ಸುಮಾರು 3,700 ರೂಪಾಯಿ. ಮಗನೂ ನಿಮ್ಮ ಬಳಿಯೇ ಉಳಿದರೆ ಅವನ 14 ವರ್ಷದ 168 ತಿಂಗಳು ಸೇರಿ 276 ತಿಂಗಳಾಗುತ್ತದೆ. ಆಗ ಒಂದು ಮಗುವಿಗೆ ತಿಂಗಳಿಗೆ 1,450 ರೂಪಾಯಿಯೂ ಬೀಳುವುದಿಲ್ಲ. ಇದರಲ್ಲಿ ಶಾಲೆಯ ಫೀಸು, ವ್ಯಾನು, ಪುಸ್ತಕ, ಸಮವಸ್ತ್ರ, ಆಸ್ಪತ್ರೆ ಎಲ್ಲವೂ ಆಗಬೇಕು, ಮತ್ತು ಇದು ಇವತ್ತಿನ ಬೆಲೆಯ ಲೆಕ್ಕ. ಅದಕ್ಕಾಗಿಯೇ ಮಕ್ಕಳಿಗೆ ಒಂದೇ ಗಂಟಿನ ಹಣ ಎಂಬ ಪದ್ಧತಿಯನ್ನು ನಾನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಗಂಡ ಹೆಂಡತಿಯ ನಡುವಿನ ಲೆಕ್ಕ ಒಂದೇ ಬಾರಿಗೆ ಮುಗಿಯಲಿ. ಮಕ್ಕಳದು ತಿಂಗಳು ತಿಂಗಳು ಬರಲಿ, ವರ್ಷಕ್ಕಿಷ್ಟು ಏರಲಿ. ಇಂದು 5,000 ಎಂದು ಗೊತ್ತುಮಾಡಿ ವರ್ಷಕ್ಕೆ ಶೇ. 10ರಂತೆ ಏರಿಕೆ ಬರೆಸಿದರೆ ಒಂಬತ್ತನೇ ವರ್ಷಕ್ಕೆ ಅದು ಸುಮಾರು 10,700 ಆಗುತ್ತದೆ. ಏರಿಕೆಯ ಮಾತು ಬರೆಸದಿದ್ದರೆ ಪ್ರತಿ ಸಲವೂ ಹೆಚ್ಚಳಕ್ಕಾಗಿ ಹೊಸ ಅರ್ಜಿ ಹಾಕಬೇಕಾಗುತ್ತದೆ.

ಎಷ್ಟು ಕೊಡಬೇಕು ಎಂಬುದಕ್ಕೆ ನಮ್ಮ ಕಾನೂನಿನಲ್ಲಿ ಸೂತ್ರವಿಲ್ಲ. ಹೆಂಡತಿಗೆ ಗಂಡನ ನಿವ್ವಳ ಸಂಬಳದ ಶೇ. 25 ನ್ಯಾಯಯುತ ಎಂದು 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಹೇಳಿದ್ದನ್ನು ಹಲವರು ಎಲ್ಲದಕ್ಕೂ ಅನ್ವಯಿಸುತ್ತಾರೆ, ಅದು ಸರಿಯಲ್ಲ. ಮಕ್ಕಳ ಅಗತ್ಯ, ಅವರು ಈವರೆಗೆ ಬದುಕಿದ ರೀತಿ, ತಂದೆ ತಾಯಿ ಇಬ್ಬರ ಆದಾಯ ಮತ್ತು ಹೊಣೆಗಳನ್ನು ನೋಡಿ ನ್ಯಾಯಾಲಯ ಮೊತ್ತವನ್ನು ನಿಗದಿ ಮಾಡುತ್ತದೆ. ರಜನೀಶ್ ವಿರುದ್ಧ ನೇಹಾ ಪ್ರಕರಣದಲ್ಲಿ 2020ರ ನವೆಂಬರ್‌ನಲ್ಲಿ ಬಂದ ತೀರ್ಪಿನಿಂದ ಒಂದು ದೊಡ್ಡ ಉಪಕಾರವಾಗಿದೆ: ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಆದಾಯ, ಖರ್ಚಿನ ವಿವರವನ್ನು ಅಫಿಡವಿಟ್ ಮೂಲಕ ಕೊಡಲೇಬೇಕು, ಸುಳ್ಳು ಹೇಳಿದವರ ಮೇಲೆ ಕ್ರಮ ಜರುಗಿಸಬಹುದು, ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಅರ್ಜಿಯ ದಿನಾಂಕಕ್ಕೆ ಎಷ್ಟು ಮಹತ್ವವಿದೆ ಎಂಬುದು ಇದರಿಂದ ನಿಮಗೆ ತಿಳಿಯುತ್ತದೆ.

ನಿಮ್ಮ ಗಂಡನಿಗೆ ಸಂಬಳದ ಚೀಟಿ ಇಲ್ಲ. ‘ವ್ಯಾಪಾರ ನಷ್ಟದಲ್ಲಿದೆ, ತಿಂಗಳಿಗೆ ಹತ್ತು ಸಾವಿರವೂ ಉಳಿಯುವುದಿಲ್ಲ’ ಎಂಬ ಮಾತು ಖಂಡಿತ ಬರುತ್ತದೆ. ಕೆಲವೊಮ್ಮೆ ಅದು ನಿಜವೂ ಆಗಿರುತ್ತದೆ. ಅದನ್ನು ತೂಗಿ ನೋಡಲು ಕಾಗದಗಳು ಬೇಕು. ಘಟಕದ ಜೆಸ್ಕಾಂ ವಿದ್ಯುತ್ ಬಿಲ್ಲುಗಳು ಎಷ್ಟು ಯಂತ್ರ ಎಷ್ಟು ಹೊತ್ತು ಓಡುತ್ತಿವೆ ಎಂಬುದರ ಅಂದಾಜು ಕೊಡುತ್ತವೆ. ಜಿಎಸ್‌ಟಿ ನೋಂದಣಿ ಇದ್ದರೆ ರಿಟರ್ನ್‌ಗಳಲ್ಲಿ ವಹಿವಾಟು ಕಾಣುತ್ತದೆ. ಬ್ಯಾಂಕಿನ ಚಾಲ್ತಿ ಖಾತೆಯ ಪಟ್ಟಿ, ಯಂತ್ರಗಳಿಗೆ ತೆಗೆದ ಸಾಲ ಮತ್ತು ಅದರ ಕಂತು, ವಾಹನದ ನೋಂದಣಿ, ಹೊಲವಿದ್ದರೆ ಪಹಣಿ, ಬಾಡಿಗೆ ಮನೆಗಳಿದ್ದರೆ ಅವುಗಳ ಕರಾರು, ಇವೆಲ್ಲ ಸೇರಿದರೆ ನಿಜವಾದ ಚಿತ್ರ ಮೂಡುತ್ತದೆ. ತಿಂಗಳಿಗೆ ಹತ್ತು ಸಾವಿರ ಗಳಿಸುವವನು ಹದಿನೆಂಟು ಸಾವಿರದ ಸಾಲದ ಕಂತನ್ನು ತಪ್ಪದೆ ಕಟ್ಟುತ್ತಿದ್ದರೆ ಅದು ಹೇಗೆ ಸಾಧ್ಯವೆಂದು ನ್ಯಾಯಾಲಯ ಕೇಳುತ್ತದೆ. ನಿಮ್ಮ ಕೈಯಲ್ಲಿಲ್ಲದ ದಾಖಲೆಗಳನ್ನು ಹಾಜರುಪಡಿಸುವಂತೆ ಅವರಿಗೆ ಆದೇಶಿಸಬೇಕೆಂದು ನಿಮ್ಮ ವಕೀಲರು ಅರ್ಜಿ ಕೊಡಬಹುದು. ನಿಮ್ಮ ಕಡೆಯಿಂದ ಮಕ್ಕಳ ಖರ್ಚಿನ ರಸೀದಿಗಳನ್ನು ಈ ತಿಂಗಳಿಂದಲೇ ಜೋಡಿಸಿಡಿ: ಫೀಸಿನ ರಸೀದಿ, ಔಷಧದ ಚೀಟಿ, ವ್ಯಾನಿನವರಿಗೆ ಫೋನ್ ಮೂಲಕ ಕಳಿಸಿದ ಹಣದ ವಿವರ.

ನಿಮಗೆ ಕೆಲಸ ಸಿಕ್ಕರೆ ಸಂತೋಷದಿಂದ ಸೇರಿಕೊಳ್ಳಿ. ಜೀವನಾಂಶ ತಪ್ಪೀತೆಂದು ಕೆಲಸ ಬಿಟ್ಟು ಕೂರುವುದು ನಿಮಗೂ ಮಕ್ಕಳಿಗೂ ಒಳ್ಳೆಯದಲ್ಲ. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ, 1956ರ 20ನೇ ಕಲಂ ಮಕ್ಕಳನ್ನು ಪೋಷಿಸುವ ಹೊಣೆಯನ್ನು ತಂದೆ ತಾಯಿ ಇಬ್ಬರ ಮೇಲೂ ಹೊರಿಸಿದೆ; ಆದ್ದರಿಂದ ನಿಮ್ಮ ಸಂಬಳ ನಿಮ್ಮ ಸ್ವಂತ ಜೀವನಾಂಶದ ಮೇಲೆ ಪರಿಣಾಮ ಬೀರಬಹುದು, ಮಕ್ಕಳ ಖರ್ಚಿನಲ್ಲಿ ನಿಮ್ಮ ಪಾಲು ಆದಾಯಕ್ಕೆ ತಕ್ಕಂತೆ ಲೆಕ್ಕವಾಗಬಹುದು, ಆದರೆ ತಂದೆಯ ಹೊಣೆ ಮಾಯವಾಗುವುದಿಲ್ಲ. ಮಗಳ ವಿಷಯದಲ್ಲಿ ಇದೇ ಕಲಂ ಇನ್ನೂ ಮುಂದೆ ಹೋಗುತ್ತದೆ: 18 ತುಂಬಿದರೂ ಮದುವೆಯಾಗದೆ, ತನ್ನ ಗಳಿಕೆಯಿಂದ ಬದುಕಲಾಗದ ಮಗಳು ತಂದೆಯಿಂದ ಪೋಷಣೆ ಕೇಳಬಹುದು, ಅವಳ ಮದುವೆಯ ಸಮಂಜಸ ಖರ್ಚೂ ಅದರಲ್ಲಿ ಸೇರುತ್ತದೆ. ಮಗನಿಗೆ 18ರ ನಂತರ ಅಂಥ ಆಸರೆ ಕಾನೂನಿನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ, ‘ಪದವಿ ಅಥವಾ ಡಿಪ್ಲೊಮಾ ಮುಗಿಯುವವರೆಗೆ ಇಬ್ಬರ ಶಿಕ್ಷಣದ ವೆಚ್ಚ’ ಎಂದು ಒಪ್ಪಂದದಲ್ಲಿಯೇ ಬರೆಸಿಕೊಳ್ಳುವುದು ಜಾಣತನ.

ಹಣ ಕೊಡದಿದ್ದರೆ ಮಕ್ಕಳನ್ನು ತೋರಿಸದೆ ಇರಬಹುದೇ ಎಂದು ಕೇಳಿದ್ದೀರಿ. ಬೇಡ, ಖಂಡಿತ ಬೇಡ. ತಂದೆಯನ್ನು ಕಾಣುವುದು ಮಗುವಿನ ಹಕ್ಕು. ಹಣ ಬರುವುದೂ ಮಗುವಿನ ಹಕ್ಕು. ಒಂದು ಹಕ್ಕು ತಪ್ಪಿತೆಂದು ಇನ್ನೊಂದನ್ನೂ ಕಿತ್ತುಕೊಂಡರೆ ಎರಡು ಕಡೆಯಿಂದಲೂ ಸೋಲುವುದು ಮಗುವೇ. ಹಾಗೆಯೇ ‘ಮಕ್ಕಳನ್ನು ತೋರಿಸಲಿಲ್ಲ, ಅದಕ್ಕೇ ಹಣ ಕಟ್ಟಲಿಲ್ಲ’ ಎಂಬ ಸಬೂಬೂ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಯಶಿತಾ ಸಾಹು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2020ರಲ್ಲಿ, ತಂದೆ ತಾಯಿ ಇಬ್ಬರ ಪ್ರೀತಿಯೂ ಮಗುವಿಗೆ ಸಲ್ಲಬೇಕೆಂದು ಹೇಳಿ, ದೂರದಲ್ಲಿರುವವರಿಗೆ ವಿಡಿಯೊ ಕರೆಯ ಮೂಲಕ ಸಂಪರ್ಕ ಕೊಡುವುದರ ಅಗತ್ಯವನ್ನೂ ಎತ್ತಿಹಿಡಿದಿದೆ. ಭೇಟಿಯನ್ನು ಸುಮ್ಮನೆ ತಡೆದ ತಾಯಿಯ ನಡತೆಯನ್ನು ಮುಂದೆ ಸುಪರ್ದಿಯ ವಿಚಾರಣೆಯಲ್ಲಿ ಅವಳ ವಿರುದ್ಧವೇ ಎತ್ತಬಹುದೆಂಬುದನ್ನು ಮರೆಯಬೇಡಿ.

ಹಣ ನಿಂತಾಗ ಇರುವ ದಾರಿಯೇ ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ, ಅಂದರೆ 2024ರ ಜುಲೈ 1ಕ್ಕೆ ಮೊದಲು ದಂಡ ಪ್ರಕ್ರಿಯಾ ಸಂಹಿತೆಯ 125 ಎಂದು ಎಲ್ಲರ ಬಾಯಲ್ಲಿದ್ದ ಕಲಂ, ಹೆಂಡತಿ ಮಕ್ಕಳ ಜೀವನಾಂಶಕ್ಕೆ ಸಂಬಂಧಿಸಿದೆ. ಅದರ ಅರ್ಜಿಯನ್ನು ನೀವು ಈಗ ವಾಸವಿರುವ ಊರಿನ ವ್ಯಾಪ್ತಿಯಲ್ಲೇ ಹಾಕಬಹುದು. ಆದೇಶವಾದ ಮೇಲೂ ಕೊಡದಿದ್ದರೆ ವಸೂಲಿ ವಾರಂಟ್ ಹೊರಡಿಸಬಹುದು, ಬಾಕಿ ಉಳಿದ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆಮನೆಗೂ ಕಳಿಸಬಹುದು, ಮತ್ತು ಜೈಲಿಗೆ ಹೋಗಿ ಬಂದರೂ ಬಾಕಿ ತೀರಿದಂತಾಗುವುದಿಲ್ಲ. ಆದರೆ ಈ ವಾರಂಟಿನ ಅರ್ಜಿಯನ್ನು ಹಣ ಬಾಕಿಯಾದ ಒಂದು ವರ್ಷದೊಳಗೆ ಹಾಕಬೇಕು. ‘ಇವತ್ತು ಕೊಟ್ಟಾರು, ನಾಳೆ ಕೊಟ್ಟಾರು’ ಎಂದು ಕಾಯುತ್ತ ಈ ಅವಧಿಯನ್ನು ಕಳೆದುಕೊಂಡ ತಾಯಂದಿರು ಬಹಳ. ಹಣ ಯಾವಾಗಲೂ ಬ್ಯಾಂಕ್ ಖಾತೆಗೇ ಬರಲಿ. ಹಬ್ಬಕ್ಕೆ ಬಂದಾಗ ಕೈಯಲ್ಲಿ ಕೊಟ್ಟೆ ಎಂಬ ಮಾತಿಗೆ ಆಸ್ಪದವೇ ಇರಬಾರದು.

ಭೇಟಿಯ ವಿವರವನ್ನು ‘ಆಗಾಗ ಭೇಟಿ ಮಾಡತಕ್ಕದ್ದು’ ಎಂದು ಬರೆದರೆ ಜಗಳಕ್ಕೆ ದಾರಿ ಮಾಡಿಕೊಟ್ಟಂತೆ. ಯಾವ ಭಾನುವಾರ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಸಿರುಗುಪ್ಪಕ್ಕೆ ಬಂದು ಕರೆದೊಯ್ಯುವವರು ಯಾರು, ಮರಳಿ ಬಿಡುವವರು ಯಾರು, ದಸರಾ ರಜೆಯಲ್ಲಿ ಎಷ್ಟು ದಿನ, ಬೇಸಿಗೆ ರಜೆಯಲ್ಲಿ ಎಷ್ಟು ದಿನ, ಯುಗಾದಿ ಈ ವರ್ಷ ಯಾರ ಮನೆಯಲ್ಲಿ, ದೀಪಾವಳಿ ಯಾರ ಮನೆಯಲ್ಲಿ ಎಂಬುದೆಲ್ಲ ಕಾಗದದ ಮೇಲೆ ಬರಲಿ. ಏಪ್ರಿಲ್, ಮೇ ತಿಂಗಳ ಬಳ್ಳಾರಿಯ ಬಿಸಿಲಿನಲ್ಲಿ ನಾಲ್ಕು ವರ್ಷದ ಮಗುವನ್ನು ಮಧ್ಯಾಹ್ನ ಬಸ್ಸಿನಲ್ಲಿ ಕೂರಿಸಿಕೊಂಡು ಓಡಾಡಿಸುವುದು ಯಾರಿಗೂ ಬೇಡ. ಬೆಳಿಗ್ಗೆ ಒಂಬತ್ತರೊಳಗೆ ಕರೆದೊಯ್ದು ಸಂಜೆ ಆರರ ಮೇಲೆ ಬಿಡುವಂತೆ ಬರೆಸಿ. ಮಗ ಚಿಕ್ಕವನಾದ್ದರಿಂದ ಮೊದಲ ಕೆಲವು ತಿಂಗಳು ಹಗಲಿನ ಭೇಟಿ, ಒಗ್ಗಿಕೊಂಡ ಮೇಲೆ ರಾತ್ರಿ ಉಳಿಯುವುದು ಎಂದು ಹಂತ ಮಾಡಬಹುದು. ಭೇಟಿಗೆ ಅಕ್ಕ ತಮ್ಮ ಇಬ್ಬರೂ ಒಟ್ಟಿಗೇ ಹೋಗಲಿ.

ದಾಖಲೆಗಳ ವಿಷಯವನ್ನು ರಾಜಿಯ ಹೊತ್ತಿನಲ್ಲಿ ಹೆಚ್ಚಿನವರು ನೆನೆಯುವುದೇ ಇಲ್ಲ. ಮುಂದೆ ಮಕ್ಕಳಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಾಗುತ್ತದೆ. ನಮ್ಮ ಕಲ್ಯಾಣ ಕರ್ನಾಟಕದ ಮಕ್ಕಳಿಗೆ ಕಾಲೇಜು ಸೀಟಿಗೂ ನೌಕರಿಗೂ ಸಂವಿಧಾನದ 371ಜೆ ವಿಧಿಯ ಮೀಸಲಾತಿಗೆ ಅರ್ಹತಾ ಪ್ರಮಾಣಪತ್ರ ಬೇಕಾಗುತ್ತದೆ. ಇವಕ್ಕೆ ತಂದೆಯ ಕಡೆಯ ಕಾಗದಪತ್ರಗಳನ್ನು ಕೇಳುವುದುಂಟು. ಹತ್ತು ವರ್ಷದ ನಂತರ ಮಾತೇ ನಿಂತುಹೋದ ಮನೆಗೆ ಹೋಗಿ ನಕಲು ಬೇಡುವ ಬದಲು, ತಂದೆಯ ಶಾಲಾ ದಾಖಲೆ, ಜಾತಿ ಪ್ರಮಾಣಪತ್ರ, ವಾಸಸ್ಥಳದ ದಾಖಲೆಗಳ ದೃಢೀಕೃತ ನಕಲುಗಳನ್ನು ಈಗಲೇ ಪಡೆಯಿರಿ ಮತ್ತು ಮುಂದೆಯೂ ಸಹಿ ಬೇಕಾದಾಗ ಹಾಕಿಕೊಡತಕ್ಕದ್ದೆಂದು ಬರೆಸಿ.

ನಿಮ್ಮದು ಹಿಂದೂ ವಿವಾಹ ಎಂದು ಭಾವಿಸಿ ಈವರೆಗೆ ಬರೆದಿದ್ದೇನೆ. ಇದನ್ನು ಓದುವ ಮುಸ್ಲಿಂ, ಕ್ರೈಸ್ತ ಸಹೋದರಿಯರಿಗೂ 144ನೇ ಕಲಂ ಮತ್ತು 1890ರ ಕಾಯ್ದೆ ಅನ್ವಯವಾಗುತ್ತವೆ. ಆ ಪ್ರಕರಣಗಳಲ್ಲಿಯೂ ಮಗುವಿನ ಹಿತವನ್ನೇ ನ್ಯಾಯಾಲಯ ಮುಂದಿಡುತ್ತದೆ.

ಈಗ ಮಾಡಬೇಕಾದದ್ದು. ಪರಸ್ಪರ ಒಪ್ಪಿಗೆಯ ಅರ್ಜಿಯನ್ನು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಂ ಅಡಿಯಲ್ಲಿ ಹಾಕುವಾಗ, ಹಳೆಯ ಬಾಂಡನ್ನು ಹಾಗೇ ಲಗತ್ತಿಸದೆ, ಮೇಲೆ ಹೇಳಿದ ವಿವರಗಳಿರುವ ಹೊಸ ಒಪ್ಪಂದವನ್ನು ಬರೆಸಿ ಅದು ಡಿಕ್ರಿಯ ಭಾಗವಾಗುವಂತೆ ನೋಡಿಕೊಳ್ಳಿ. ನ್ಯಾಯಾಲಯದಲ್ಲಿ ಇಬ್ಬರೂ ಕೊಡುವ ಮೊದಲ ಹೇಳಿಕೆಗೂ ಎರಡನೆಯದಕ್ಕೂ ನಡುವೆ ಆರು ತಿಂಗಳ ಅವಧಿ ಇದೆ; ಅದನ್ನು ಮನ್ನಾ ಮಾಡಲು 2017ರ ಅಮರದೀಪ್ ಸಿಂಗ್ ತೀರ್ಪಿನ ಪ್ರಕಾರ ನ್ಯಾಯಾಲಯ ನೋಡುವ ಅಂಶಗಳಲ್ಲಿ ಮಕ್ಕಳ ಸುಪರ್ದಿ ಮತ್ತು ಜೀವನಾಂಶ ನಿಜವಾಗಿ ಇತ್ಯರ್ಥವಾಗಿದೆಯೇ ಎಂಬುದೂ ಒಂದು. ಬೇಗ ಮುಗಿಯಲಿ ಎನ್ನುವ ನಿಮ್ಮ ಗಂಡನ ಕಡೆಯವರಿಗೂ ಇದನ್ನು ತಿಳಿಸಿ ಹೇಳಿ, ಮಕ್ಕಳ ಭಾಗವನ್ನು ಸರಿಯಾಗಿ ಬರೆಯುವುದರಿಂದ ಅವರಿಗೂ ಅನುಕೂಲವಿದೆ. ಡಿಕ್ರಿಯಾಗುವ ಮೊದಲು ಒಪ್ಪಿಗೆಯನ್ನು ಹಿಂಪಡೆಯುವ ಸ್ವಾತಂತ್ರ್ಯ ನಿಮಗಿದೆ. ಮಾತು ಮುರಿದರೆ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುವಂತೆ ಕೇಳಿ. ಮೇಲ್ಮನವಿಯ ತನಕ ಹೋದರೆ ಬಳ್ಳಾರಿ, ಕೊಪ್ಪಳದವರು ಧಾರವಾಡದ ಹೈಕೋರ್ಟ್ ಪೀಠಕ್ಕೂ, ರಾಯಚೂರಿನವರು ಕಲಬುರಗಿ ಪೀಠಕ್ಕೂ ಅಲೆಯಬೇಕು. ಅದು ಕೈಯಲ್ಲಿ ಮಕ್ಕಳಿರುವ ತಾಯಿಗೆ ಸುಲಭದ ಮಾತಲ್ಲವಾದ್ದರಿಂದ ಕೆಳಗಿನ ಹಂತದಲ್ಲೇ ಗಟ್ಟಿಯಾಗಿ ಬರೆಸಿಕೊಳ್ಳುವುದು ಮೇಲು. ವಕೀಲರ ಶುಲ್ಕದ ಚಿಂತೆ ಬೇಡ: ಮಹಿಳೆಯರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿಯೇ ಇದೆ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ.

ಕೊನೆಯದಾಗಿ ಮುಂಗಡದ ಮಾತು. 1 ಲಕ್ಷ ತೆಗೆದುಕೊಂಡಿದ್ದರಿಂದ ಮಕ್ಕಳ ಪರವಾಗಿ ಕೇಳುವ ನಿಮ್ಮ ಬಾಯಿ ಕಟ್ಟಿಹೋಗಿಲ್ಲ. ಅದನ್ನು ಮುಚ್ಚಿಡಬೇಡಿ; ಯಾವ ದಿನ, ಯಾರ ಮೂಲಕ, ಎಷ್ಟು ಬಂತು ಎಂಬುದನ್ನು ನಿಮ್ಮ ಅಫಿಡವಿಟ್‌ನಲ್ಲಿ ನೀವೇ ಬರೆಯಿರಿ, ಮತ್ತು ಅದನ್ನು ನಿಮ್ಮ ಪಾಲಿನ ಒಂದೇ ಗಂಟಿನ ಹಣದಲ್ಲಿ ಹೊಂದಿಸಿಕೊಳ್ಳಬೇಕೆಂದು ಕೇಳಿ. ಮೊತ್ತ ಇನ್ನೂ ನಿಮ್ಮ ತಂದೆಯ ಬಳಿ ಉಳಿದಿದ್ದರೆ ಇದೇ ವಾರ ನಿಮ್ಮ ಹೆಸರಿನ ಖಾತೆಗೆ ಕಟ್ಟಿಸಿ, ಹಣ ಪಡೆದ ಬಗ್ಗೆ ಒಂದು ಬರಹವನ್ನು ನಿಮ್ಮ ಗಂಡನಿಗೆ ನೋಂದಾಯಿತ ಅಂಚೆಯಲ್ಲಿ ಕಳಿಸಿ, ಅದರ ನಕಲನ್ನೂ ಅಂಚೆಯ ರಸೀದಿಯನ್ನೂ ವಕೀಲರ ಕೈಗೆ ಕೊಡಿ.